ಒಂದು ಸೇರು ರಾಗಿಗೆ ಎಷ್ಟು ಸಾಲು ಪದ?

ನಮ್ಮ ಅತ್ತೆಗೆ ತಲೆ ಸರಿಯಿಲ್ಲ ಎಂಬ ಮಾತನ್ನು ನಮ್ಮ ಇಡೀ ವಂಶದಲ್ಲಿ ಒಪ್ಪದೆ ಇದ್ದವರು ಇಬ್ಬರೇ. ಒಂದು ಅತ್ತೆ, ಇನ್ನೊಂದು ಅವಳ ಕಂಪ್ಯೂಟರು. ಅದರಲ್ಲೂ ಕಂಪ್ಯೂಟರಿಗೆ ಆಗಾಗ ಅನುಮಾನ ಬಂದು ಕೆಲಸದ ನಡುವೆಯೇ ಮರಗಟ್ಟಿ ನಿಂತುಬಿಡುತ್ತಿತ್ತು. ಅತ್ತೆಗೆ ಮಾತ್ರ ಒಂದು ದಿನವೂ ಅಂಥ ಅನುಮಾನ ಬಂದದ್ದಿಲ್ಲ!

ಅತ್ತೆ ಎಂದರೆ ನಮ್ಮಪ್ಪನ ಅಕ್ಕ. ಚನ್ನಪಟ್ಟಣದಲ್ಲಿ, ಬೆಂಗಳೂರು–ಮೈಸೂರು ರಸ್ತೆಗೆ ಮುಖ ಮಾಡಿದ ಒಂದು ಬೊಂಬೆ ಅಂಗಡಿಯ ಮಹಡಿಯಲ್ಲಿ ಅವಳ ಟೈಪಿಂಗ್ ಇನ್‌ಸ್ಟಿಟ್ಯೂಟ್ ಇತ್ತು. ಕೆಳಗೆ ಕಾರಿನವರು ಮರದ ಕುದುರೆಗೆ ಚೌಕಾಸಿ ಮಾಡುತ್ತಿದ್ದರೆ ಮೇಲೆ ಹನ್ನೆರಡು ಟೈಪ್‌ರೈಟರುಗಳು ಒಟ್ಟಿಗೆ ಕಟಕಟಗುಟ್ಟುತ್ತಿದ್ದವು. ಅತ್ತೆ ಮದುವೆಯಾಗಲಿಲ್ಲ. ಯಾಕತ್ತೆ ಎಂದರೆ, "ಪುರುಸೊತ್ತಾಗಲಿಲ್ಲ ಕಣೇ. ಒಂದು ಬ್ಯಾಚ್ ಮುಗಿಯೋ ಹೊತ್ತಿಗೆ ಇನ್ನೊಂದು ಬ್ಯಾಚ್ ಬಂದು ಕೂತಿರ್ತಿತ್ತು" ಎನ್ನುತ್ತಿದ್ದಳು. ಇದು ಹಾರಿಕೆಯ ಉತ್ತರ ಎಂದು ಬಹಳ ದಿನ ಅಂದುಕೊಂಡಿದ್ದೆ. ಅವಳ ಜೊತೆ ಒಂದು ವಾರ ಇದ್ದು ನೋಡಿದ ಮೇಲೆ ನಿಜವೇ ಇರಬೇಕು ಅನ್ನಿಸಿತು.

ಅವಳ ಬೆರಳುಗಳಿಗೆ ಸುಮ್ಮನಿದ್ದು ಗೊತ್ತಿಲ್ಲ. ಎದುರಿಗೆ ಯಾರೇ ಮಾತಾಡಲಿ, ಅದನ್ನು ತನ್ನ ಮಂಡಿಯ ಮೇಲೆ ಟೈಪ್ ಮಾಡುತ್ತಾಳೆ. ಬಸ್ಸಿನಲ್ಲಿ ಕಂಡಕ್ಟರ್ ಕೂಗಿದ್ದು, ಮದುವೆ ಮನೆಯಲ್ಲಿ ಪುರೋಹಿತರ ಮಂತ್ರ, ಪಕ್ಕದ ಮನೆಯ ಜಗಳ, ಎಲ್ಲವೂ ಮಂಡಿಯ ಮೇಲೆ! ಒಮ್ಮೆ ನೆಂಟರ ಮನೆಗೆ ಸಾವಿಗೆ ಹೋಗಿದ್ದೆವು. ಹೆಂಡತಿಯನ್ನು ಕಳೆದುಕೊಂಡಾತ ಅತ್ತೆಯ ಮುಂದೆ ಕೂತು ಗೊಳೋ ಎಂದು ಅತ್ತುಕೊಳ್ಳುತ್ತಿದ್ದವನು ಇದ್ದಕ್ಕಿದ್ದಂತೆ ಅಳು ನಿಲ್ಲಿಸಿ, ಅವಳ ಮಂಡಿಯನ್ನೇ ನೋಡುತ್ತಾ, "ಅಕ್ಕಾ, ಇದನ್ನೆಲ್ಲ ಯಾರ್ಗೆ ಕಳುಸ್ತೀಯ?" ಎಂದು ಕೇಳಿಬಿಟ್ಟ.

ಎರಡು ಸಾವಿರದ ಇಸವಿ ದಾಟಿದ್ದೇ ತಡ, ಟೈಪಿಂಗ್ ಕಲಿಯುವವರು ಒಬ್ಬೊಬ್ಬರಾಗಿ ಕಂಪ್ಯೂಟರ್ ಸೆಂಟರುಗಳ ಕಡೆ ನಡೆದರು. ಹನ್ನೆರಡು ಟೈಪ್‌ರೈಟರುಗಳೂ ಹೊದಿಕೆ ಹೊದ್ದು ಮಲಗಿದವು. ಅತ್ತೆ ಸೋಲುವ ಪೈಕಿಯೇ? ತಾನೂ ಒಂದು ಕಂಪ್ಯೂಟರು ತಂದಳು. ರಾಮನಗರದ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಿದ್ದ ನನ್ನನ್ನು ಭಾನುವಾರ ಕರೆಸಿ, "ಇದರಲ್ಲಿ ಏನೇನಿದೆ ಎಲ್ಲ ತೋರಿಸು" ಎಂದಳು. ನಾನು ಅದೂ ಇದೂ ತೋರಿಸುತ್ತಾ ಎಕ್ಸೆಲ್ ಎಂಬುದನ್ನು ತೆರೆದೆ. ನನ್ನ ಜೀವನದಲ್ಲಿ ನಾನು ಮಾಡಿದ ದೊಡ್ಡ ತಪ್ಪುಗಳಲ್ಲಿ ಅದೂ ಒಂದು.

ಅತ್ತೆ ಪರದೆಯ ಹತ್ತಿರ ಮುಖ ಒಯ್ದು, ಕೆಳಕ್ಕೆ ಕೆಳಕ್ಕೆ ಇಳಿಯುತ್ತಾ ಹೋದಳು. ಖಾನೆ, ಖಾನೆ, ಖಾನೆ. ಮುಗಿಯುವುದೇ ಇಲ್ಲ.

"ಇದು ಎಲ್ಲೀವರೆಗೆ ಇದೆಯೇ?"

"ಅರವತ್ತೈದು ಸಾವಿರ ಸಾಲು ದಾಟಿದ ಮೇಲೆ ನಿಲ್ಲುತ್ತೆ ಅತ್ತೆ."

"ಎಲ್ಲಾ ಖಾಲಿ?"

"ಎಲ್ಲಾ ಖಾಲಿ."

"ಅಯ್ಯೋ ನಿನ್ನ! ಇಷ್ಟು ಜಾಗ ಬೀಳು ಬಿಟ್ಟುಕೊಂಡು ಪಾಠ ಹೇಳ್ತಾ ಇದ್ದೀಯಲ್ಲೇ" ಎಂದಳು, ಉಳದೆ ಬಿಟ್ಟ ಹೊಲ ಕಂಡವಳ ಹಾಗೆ. ಒಕ್ಕಲು ಮನೆಯ ಮಗಳಲ್ಲವೇ, ಖಾಲಿ ನೆಲ ಕಂಡರೆ ಬಿತ್ತದೆ ಇರಲಾರಳು.

ಬಿತ್ತಿದ್ದು ಏನನ್ನು ಎನ್ನುತ್ತೀರಾ? ಪದಗಳನ್ನು. ರಾಗಿ ಬೀಸುವಾಗ, ಪೈರು ನಾಟಿ ಹಾಕುವಾಗ, ಹೆಣ್ಣು ಒಪ್ಪಿಸುವಾಗ ಹೆಂಗಸರು ಹೇಳುತ್ತಾರಲ್ಲ, ಆ ಹಾಡುಗಳನ್ನು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ನಾಲ್ಕೂ ತಾಲ್ಲೂಕಿನ ಹೆಂಗಸರ ಬಾಯಲ್ಲಿರುವ ಪದಗಳನ್ನೆಲ್ಲ ಖಾನೆಗೆ ಹಾಕಿಯೇ ಸೈ ಎಂದು ಹೊರಟಳು. ಊರೆಲ್ಲ ಇದನ್ನು ಹುಚ್ಚು ಎಂದಿತು. ನಮ್ಮ ಮನೆಯವರಿಗೆ ಮಾತ್ರ ಆ ಹುಚ್ಚಿನ ಬೇರು ಎಲ್ಲಿದೆ ಎಂದು ಗೊತ್ತಿತ್ತು. ಅದು ಆ ಫೈಲಿನ ಮೊದಲನೆಯ ಸಾಲಿನಲ್ಲೇ ಇತ್ತು.

ಅತ್ತೆ ಹದಿನೇಳು ವರ್ಷದವಳಾಗಿದ್ದಾಗ ಮಾಗಡಿ ಕಡೆಯ ನಮ್ಮೂರು ಬಿಟ್ಟು ಟೈಪಿಂಗ್ ಕಲಿಯಲು ಚನ್ನಪಟ್ಟಣಕ್ಕೆ ಬಂದಳು. ಆ ಕಾಲಕ್ಕೆ ಅದು ದೊಡ್ಡ ರಂಪ. ದೊಡ್ಡಪ್ಪಂದಿರು ಕೂಗಾಡಿದರು. ಅವಳ ಅವ್ವ, ಅಂದರೆ ನಮ್ಮಜ್ಜಿ, ಹೋಗು ಅನ್ನಲೂ ಇಲ್ಲ, ಬೇಡ ಅನ್ನಲೂ ಇಲ್ಲ. ಸುಮ್ಮನೆ ಒಳಗೆ ಹೋಗಿಬಿಟ್ಟಳಂತೆ. ದಸರಾ ರಜೆಗೆ ಅತ್ತೆ ಊರಿಗೆ ಬಂದಿದ್ದಾಗ ಒಂದು ಬೆಳಗಿನ ಜಾವ, ಕಂಬಳಿಯೊಳಗಿದ್ದವಳಿಗೆ ಅವ್ವನ ರಾಗಿ ಬೀಸುವ ಪದ ಕೇಳಿಸಿತು.

ಚುಕ್ಕಿ ಮುಳುಗೋಕೆ ಮುಂಚೆ ಕಲ್ಮುಂದೆ ಕುಂತಿವ್ನಿ
ಎದುರೀಗೆ ಯಾರಿಲ್ಲ ಕಲ್ಲವ್ವ, ನನ್ನಯ
ಒಂಟಿ ಕೈಯೀಗೆ ಜೊತೆಯಾಗು

ಇಷ್ಟು ಕೇಳುವಷ್ಟರಲ್ಲಿ ಅತ್ತೆಗೆ ಹಾಳು ಕೆಮ್ಮು ಬಂತು. ಅಜ್ಜಿ ತಿರುಗಿ ನೋಡಿದಳು, ಮಗಳು ಎಚ್ಚರವಾಗಿದ್ದಾಳೆ ಎಂದು ಕಂಡಳು, ಪದ ನಿಲ್ಲಿಸಿದಳು. ಕಲ್ಲು ಮಾತ್ರ ತಿರುಗುತ್ತಲೇ ಇತ್ತು. ಆಮೇಲೆ ಅಜ್ಜಿ ಸಾಯುವವರೆಗೂ ಅತ್ತೆಯ ಮುಂದೆ ಆ ಪದ ಹೇಳಲಿಲ್ಲ. ಕೇಳಿದರೆ, "ಯಾವ್ ಪದವೋ ಏನೋ, ಮರ್ತೋಯ್ತು" ಎನ್ನುತ್ತಿದ್ದಳಂತೆ. ಊರು ಬಿಟ್ಟದ್ದಕ್ಕೆ ಅವ್ವನಿಗೆ ತನ್ನ ಮೇಲೆ ಕೋಪ, ತನ್ನ ಮುಖ ಕಂಡರೆ ಅವಳ ಬಾಯಿಗೆ ಪದವೂ ಬರುತ್ತಿರಲಿಲ್ಲ ಎಂದೇ ಅತ್ತೆಯ ನಂಬಿಕೆ. ಅವಳು ಇದನ್ನು ಹೇಳುವಾಗ ನಗುತ್ತಲೇ ಹೇಳುತ್ತಿದ್ದಳು. ಆದರೆ ಅವಳ ಬೆರಳುಗಳು ಮಾತ್ರ ಆ ಹೊತ್ತಿನಲ್ಲಿ ಏನನ್ನೂ ಟೈಪ್ ಮಾಡುತ್ತಿರಲಿಲ್ಲ.

ಮಿಕ್ಕ ಪದ ಬೇಕು. ಇಷ್ಟೇ ಅವಳ ಹಟ. "ಬೀಸೋ ಪದ ಅಂದರೆ ಊರೊಟ್ಟಿಂದು ಕಣೇ. ಯಾರೋ ಒಬ್ಬಳ ಸ್ವಂತದ್ದಲ್ಲ. ನಮ್ಮವ್ವನಿಗೆ ಬರ್ತಿತ್ತು ಅಂದಮೇಲೆ ನಾಲ್ಕು ತಾಲ್ಲೂಕಿನಲ್ಲಿ ಇನ್ಯಾರಿಗೋ ಬಂದೇ ಬರುತ್ತೆ. ಎಲ್ಲರದ್ದೂ ತುಂಬಿ ಹುಡುಕಿದರೆ ಸಿಕ್ಕೇ ಸಿಗುತ್ತೆ." ಕಂಪ್ಯೂಟರ್ ಪಾಠದವಳಾದ ನಾನೇ ತಲೆದೂಗಿದೆ. ಲೆಕ್ಕ ಸರಿಯಾಗಿಯೇ ಇತ್ತಲ್ಲ!

ಮೊದಲು ನಮ್ಮಪ್ಪನನ್ನು ಹಿಡಿದಳು. "ನೀನು ಅವ್ವನ ಜೊತೆ ಅಷ್ಟು ವರ್ಷ ಇದ್ದೆಯಲ್ಲೋ, ಆ ಪದ ಒಂದು ಸಲವಾದರೂ ಕೇಳಿಲ್ವಾ?"

ಅಪ್ಪ ಗಂಭೀರವಾಗಿ ಯೋಚಿಸಿ ಹೇಳಿದ್ದು ಇದು: "ಅಕ್ಕಾ, ಆ ರಾಗಿ ಮುದ್ದೆ ದಿನಾ ತಿಂದಿವ್ನಿ. ಅದ್ರೊಳಗೆ ಪದ ಇತ್ತು ಅಂತ ಗೊತ್ತಿರ್ಲಿಲ್ಲ."

ಗಂಡಸರಿಂದ ಪ್ರಯೋಜನವಿಲ್ಲವೆಂದು ಅತ್ತೆ ತನ್ನ ಟಿವಿಎಸ್ ಹತ್ತಿ ಹಳ್ಳಿ ಹಳ್ಳಿ ಸುತ್ತತೊಡಗಿದಳು. ಐವತ್ತೈದು ದಾಟಿದ ಹೆಂಗಸು, ಸೊಂಟಕ್ಕೆ ಸೆರಗು ಸಿಕ್ಕಿಸಿ, ಹೆಗಲಿಗೆ ಟೇಪ್ ರೆಕಾರ್ಡರ್ ನೇತುಹಾಕಿಕೊಂಡು. ಭಾನುವಾರಗಳಂದು ಹಿಂದಿನ ಸೀಟು ನನ್ನದು.

ಮೊದಲನೆಯ ಅಜ್ಜಿಯೇ ನೀರಿಳಿಸಿದಳು. ಟೇಪ್ ರೆಕಾರ್ಡರ್ ಮುಂದಿಟ್ಟು, "ಬೀಸೋ ಪದ ಹೇಳವ್ವ" ಎಂದರೆ ಬಾಯಿ ತೆರೆದಳು, ಮುಚ್ಚಿದಳು, ತೆರೆದಳು, ಮುಚ್ಚಿದಳು.

"ಬತ್ತಾ ಇಲ್ಲ ಕಣವ್ವ."

"ಮರೆತುಹೋಯ್ತಾ?"

"ಮರೆಯಾದೇನು? ಕೈಯಾಗೆ ಕಲ್ಲಿಲ್ದೆ ಬಾಯಾಗೆ ಪದ ಎಂಗ್ ಬಂದಾತು?"

ಆ ಊರಿಗೆ ಮಿಲ್ಲು ಬಂದು ಎಷ್ಟೋ ವರ್ಷವಾಗಿತ್ತು. ಬೀಸುವ ಕಲ್ಲು ಯಾರ ಮನೆಯಲ್ಲೂ ಇಲ್ಲ. ಮುಂದಿನ ಭಾನುವಾರ ಅತ್ತೆ ಎಲ್ಲಿಂದಲೋ ಒಂದು ಚಿಕ್ಕ ಬೀಸೋಕಲ್ಲು ಸಂಪಾದಿಸಿ, ಎರಡು ಹೋಳನ್ನೂ ಗೋಣಿಚೀಲಕ್ಕೆ ಹಾಕಿ ಟಿವಿಎಸ್ಸಿನ ಮುಂದೆ ಕಾಲಿಡುವ ಜಾಗದಲ್ಲಿಟ್ಟಳು. ಕಾಲನ್ನು ಎಲ್ಲಿಟ್ಟಳು ಎಂದು ಕೇಳಬೇಡಿ. ಗಾಡಿ ಏರು ಬಂದಾಗ ನಾನು ಇಳಿದು ತಳ್ಳಬೇಕಾಗಿತ್ತು ಎಂದಷ್ಟೇ ಹೇಳುತ್ತೇನೆ.

ಕನಕಪುರದ ಹತ್ತಿರ ಒಂದು ಕಡೆ ರಸ್ತೆಯಲ್ಲಿ ಪೇದೆಯೊಬ್ಬರು ಕೈ ಅಡ್ಡ ಹಾಕಿದರು. ಆ ಕಡೆಯೆಲ್ಲ ಕಲ್ಲು ಕ್ವಾರಿಗಳು. ಚೀಲ ಮುಟ್ಟಿ ನೋಡಿ, "ಏನಮ್ಮಾ ಇದು? ಕಲ್ಲು ಸಾಗಿಸ್ತಿದೀರಾ? ಪರ್ಮಿಟ್ ಎಲ್ಲೈತೆ?" ಎಂದರು.

"ಇದು ಪದ ಹೇಳಿಸೋ ಕಲ್ಲು" ಎಂದಳು ಅತ್ತೆ.

ಪೇದೆ ನನ್ನ ಕಡೆ ನೋಡಿದರು. ನಾನು ದೂರದ ಬೆಟ್ಟ ನೋಡಿದೆ. ಅತ್ತೆ ಅಲ್ಲೇ ರಸ್ತೆಬದಿಯಲ್ಲಿ ಕಲ್ಲು ಜೋಡಿಸಿ, ಗೂಟ ಸಿಕ್ಕಿಸಿ ತಿರುಗಿಸಿ ತೋರಿಸಿದಳು. ಕಲ್ಲಿನ ಗರಗರ ಸದ್ದು ಕೇಳಿದ್ದೇ ಆ ಮನುಷ್ಯ ಟೋಪಿ ತೆಗೆದು ಬಗಲಲ್ಲಿಟ್ಟುಕೊಂಡು, "ನಮ್ಮವ್ವುಂಗೆ ಬಾಳ ಬತ್ತವೆ ಕಣ್ರಮ್ಮ" ಎಂದು ಊರು, ಬೀದಿ, ಮನೆಯ ಗುರುತು ಎಲ್ಲ ಹೇಳಿದರು. ಆ ತಾಯಿಯಿಂದ ಒಂಬತ್ತು ಪದ ಸಿಕ್ಕಿದವು. ಫೈಲಿನಲ್ಲಿ 'ಮಾಹಿತಿ ಕೊಟ್ಟವರು' ಎಂಬ ಖಾನೆಯಲ್ಲಿ ಇವತ್ತಿಗೂ 'ಚೆಕ್‌ಪೋಸ್ಟ್' ಎಂದೇ ಇದೆ.

ಹಾಗೆ ನೋಡಿದರೆ ಅತ್ತೆಯ ಖಾನೆಗಳದ್ದೇ ಒಂದು ಪುರಾಣ. ನಾನು ಹಾಕಿಕೊಟ್ಟದ್ದು ಐದು: ಊರು, ಹೇಳಿದವರು, ಯಾವ ಕೆಲಸದ ಪದ, ಎಷ್ಟು ಸಾಲು, ಯಾರಿಂದ ಕಲಿತದ್ದು. ಕೊನೆಯದ್ದು ಮೊದಲೇ ಕೈಕೊಟ್ಟಿತು. "ಯಾರ್ ಕಲುಸ್ತಾರವ್ವ? ಬಾಯ್ಗೆ ಬತ್ತು, ಏಳ್ದೆ" ಎಂದರು ಎಲ್ಲರೂ. ಅತ್ತೆ ಎಲ್ಲರ ಮುಂದೆಯೂ ಶ್ರದ್ಧೆಯಿಂದ 'ಬಾಯಿ' ಎಂದು ತುಂಬಿದಳು.

ಆಮೇಲೆ 'ಎಷ್ಟು ಸಾಲು' ಕೈಕೊಟ್ಟಿತು. ಮಾಗಡಿ ಕಡೆಯ ಒಬ್ಬ ಅಜ್ಜಿ ಒಂದು ಪದವನ್ನು ಹದಿನೆಂಟು ಸಾಲು ಹೇಳಿದ್ದಳು. ತಿಂಗಳು ಬಿಟ್ಟು ಸರಿ ನೋಡೋಣವೆಂದು ಹೋದರೆ ಅದೇ ಪದ ಮೂವತ್ತಾರು ಸಾಲು! ಅತ್ತೆಗೆ ಸಿಟ್ಟು ನೆತ್ತಿಗೇರಿತು. "ಆವತ್ತು ಅರ್ಧ ಯಾಕೆ ಬಚ್ಚಿಟ್ಟುಕೊಂಡೆ?"

"ಬಚ್ಚಿಟ್ಕೊಳಾಕೆ ಅದೇನ್ ಬೆಲ್ಲವಾ? ಆವತ್ತು ನೀನ್ ತಂದಿದ್ದು ಒಂದ್ ಸೇರ್ ರಾಗಿ. ಇವತ್ತು ಎರಡ್ ಸೇರ್ ತಂದಿದೀಯ. ಕಲ್ಲು ತಿರುಗೋಗಂಟ ಪದ ತಿರುಗ್ಬ್ಯಾಡ್ವಾ?"

ಅತ್ತೆ ಬೆರಗಾಗಿ ಕೂತಳು. ಮನೆಗೆ ಬಂದು ಹೊಸ ಖಾನೆ ತೆರೆದಳು: 'ರಾಗಿ, ಸೇರಿನಲ್ಲಿ'. ಹಾಡಿನ ಉದ್ದವನ್ನು ಸೇರಿನಲ್ಲಿ ಅಳೆದ ಫೈಲು ಪ್ರಪಂಚದಲ್ಲಿ ಇದೊಂದೇ ಇರಬೇಕು. ನಾನು ನಕ್ಕರೆ, "ನಗಬೇಡ. ರಾಗಿ ಬರೆಯದೆ ಸಾಲು ಬರೆದರೆ ಅದು ಸುಳ್ಳು ಮಾಹಿತಿ" ಎಂದು ಗದರಿದಳು.

ಇನ್ನು ಟೈಪಿಸ್ಟ್ ಬುದ್ಧಿ ಹೋದೀತೇ? ಕಿವಿಗೆ ಬಿದ್ದದ್ದೆಲ್ಲ ಬೆರಳಿಗೆ ಇಳಿಯಲೇಬೇಕು. ಒಬ್ಬಾಕೆ ಪದದ ನಡುವೆ, ರಾಗ ಒಂದಿಷ್ಟೂ ಕೆಡದ ಹಾಗೆ, "ಹುಶ್ ಹಾಳಾದ್ ಕೋಳಿ, ರಾಗಿಗ್ ಬಾಯ್ ಆಕ್ತದೆ" ಎಂದು ಹೇಳಿದ್ದಳು. ಅತ್ತೆ ಅದನ್ನು ಏಳನೆಯ ಸಾಲಾಗಿ ಟೈಪ್ ಮಾಡಿದಳು. ಅದೇ ಪದ ಬೇರೆ ಊರಲ್ಲಿ ಕೋಳಿ ಇಲ್ಲದೆ ಸಿಕ್ಕಿತು. ಇಡೀ ಭಾನುವಾರ ಯೋಚಿಸಿ ಎರಡನ್ನೂ ಬೇರೆ ಬೇರೆ ಇಟ್ಟು ಗುರುತು ಹಾಕಿದಳು: 'ಕೋಳಿ ಪಾಠ', 'ಕೋಳಿರಹಿತ ಪಾಠ'!

ಆ ದಿನಗಳಲ್ಲೇ ನಮ್ಮ ಕಾಲೇಜಿಗೆ ಬೆಂಗಳೂರಿನಿಂದ ಒಬ್ಬ ವಿದ್ವಾಂಸರು ಉಪನ್ಯಾಸಕ್ಕೆ ಬಂದಿದ್ದರು. ಸಂಸ್ಕೃತಿಯನ್ನು ದತ್ತಾಂಶವನ್ನಾಗಿ ಮಾಡಿ ಕಂಪ್ಯೂಟರಿನಲ್ಲಿ ಅಭ್ಯಾಸ ಮಾಡುವುದು ಹೇಗೆ ಎಂಬುದು ಅವರ ವಿಷಯ. ಅತ್ತೆಯನ್ನೂ ಕರೆದುಕೊಂಡು ಹೋದೆ. ಒಂದು ಗಂಟೆ ಅವರ ಮಾತನ್ನೆಲ್ಲ ಮಂಡಿಯ ಮೇಲೆ ಟೈಪ್ ಮಾಡಿದಳು. ನಡುವೆ ನನ್ನ ತೋಳು ಚಿವುಟಿ, "ಕೇಳಿದೆಯಾ? ನನ್ನ ಹುಚ್ಚಿಗೆ ಒಂದು ಹೆಸರಿದೆಯಂತೆ!" ಎಂದಳು. ಕೊನೆಗೆ ಪ್ರಶ್ನೆಗಳಿದ್ದರೆ ಕೇಳಿ ಎಂದಾಗ ಎದ್ದು ನಿಂತು, "ನಿಮ್ಮ ಪದ್ಧತಿಯಲ್ಲಿ ರಾಗಿಗೆ ಯಾವ ಖಾನೆ ಇಟ್ಟಿದ್ದೀರಿ ಸಾರ್?" ಎಂದು ಕೇಳಿದಳು. ಸಭೆ ಗೊಳ್ಳೆಂದಿತು. ಆ ಪುಣ್ಯಾತ್ಮರು ನಗದೆ, ಎಲ್ಲ ವಿವರ ಕೇಳಿ ತಮ್ಮ ಪುಸ್ತಕದಲ್ಲಿ ಬರೆದುಕೊಂಡು ಹೋದರು. ಅಂದಿನಿಂದ ನಾನೂ ನಗುವುದನ್ನು ಕಡಿಮೆ ಮಾಡಿದೆ.

ಆದರೆ ಬೇಕಾದದ್ದು ಮಾತ್ರ ಸಿಗಲಿಲ್ಲ. ಪ್ರತಿ ಹಳ್ಳಿಯಿಂದ ಬಂದು ಹೊಸ ಪದಗಳನ್ನು ತುಂಬಿದ ಮೇಲೆ ಅತ್ತೆ ಕಂಪ್ಯೂಟರಿನ ಹುಡುಕುವ ಖಾನೆಗೆ 'ಒಂಟಿ ಕೈ' ಎಂದು ಹಾಕಿ ಒತ್ತುತ್ತಿದ್ದಳು. ಅದು ಎಲ್ಲ ಸಾಲುಗಳನ್ನೂ ಜಾಲಾಡಿ ಮೊದಲನೆಯ ಸಾಲಿಗೇ ವಾಪಸ್ ಬಂದು ನಿಲ್ಲುತ್ತಿತ್ತು. ಅವಳದ್ದೇ ಮೂರು ಸಾಲು. ಮತ್ತೆಲ್ಲೂ ಇಲ್ಲ. "ಸರಿಯಾಗಿ ನೋಡೋ" ಎಂದು ಕಂಪ್ಯೂಟರಿಗೆ ಗದರಿ ಇನ್ನೊಂದು ಸಲ ಒತ್ತುತ್ತಿದ್ದಳು. ಸಾವಿರ ಪದ ದಾಟಿದವು. ಹೇಳಿದ ಅಜ್ಜಿಯರಲ್ಲಿ ಕೆಲವರು ತೀರಿಕೊಂಡರು. ಒಂದು ದಿನ ಒತ್ತಿ ನೋಡಿದವಳು ಗದರಲಿಲ್ಲ. "ಅವ್ವ ಅದನ್ನ ಜೊತೆಗೇ ಒಯ್ದುಬಿಟ್ಟಳು ಅಂತ ಕಾಣುತ್ತೆ ಕಣೇ" ಎಂದು ಎದ್ದು ಅಡುಗೆಮನೆಗೆ ಹೋದಳು. ಅವಳ ಹುಚ್ಚನ್ನು ಸಹಿಸಬಹುದಿತ್ತು, ಆ ಸಪ್ಪೆ ಮುಖವನ್ನು ನೋಡಲಾಗುತ್ತಿರಲಿಲ್ಲ.

ಅದಕ್ಕೇ ಅವಳ ಮುಂದಿನ ಹುಚ್ಚಾಟಕ್ಕೆ ನಾನು ಕುತ್ತಿಗೆ ಕೊಟ್ಟದ್ದು. ಚನ್ನಪಟ್ಟಣಕ್ಕೆ ಹತ್ತಿರದ ಒಂದು ಹಳ್ಳಿಯಲ್ಲಿ ಹೆಣ್ಣು ಒಪ್ಪಿಸುವ ಪದ ಬಲ್ಲ ಮುತ್ತೈದೆಯೊಬ್ಬರಿದ್ದರು. ಆದರೆ ಮದುವೆ ಹೆಣ್ಣಿಲ್ಲದೆ ಆ ಪದ ಹೇಳಿದರೆ ಮನೆಗೆ ಶ್ರೇಯಸ್ಸಲ್ಲ, ಹೇಳುವುದಿಲ್ಲ ಎಂದರು.

"ಹೆಣ್ಣು ತಾನೇ? ಇಲ್ಲೇ ಇದ್ದಾಳಲ್ಲ" ಎಂದಳು ಅತ್ತೆ, ನನ್ನ ಭುಜ ಹಿಡಿದು ಮುಂದಕ್ಕೆ ತಳ್ಳುತ್ತಾ.

"ಗಂಡು?"

"ಗಂಡು ಆಮೇಲೆ ಬರ್ತಾನೆ. ಪದಕ್ಕೆ ಬೇಕಾದ್ದು ಹೆಣ್ಣು ಮಾತ್ರ ಅಲ್ವಾ?"

ನನಗಾಗ ಇಪ್ಪತ್ತಾರು. ಹಸೆಮಣೆಯ ಮೇಲೆ ಕೂರಿಸಿದರು. ಕೆನ್ನೆಗೆ ಅರಿಶಿನ, ತಲೆಗೆ ಹೂವು, ಮಡಿಲಿಗೆ ತೆಂಗಿನಕಾಯಿ. ಅಕ್ಕಪಕ್ಕದ ಹೆಂಗಸರೆಲ್ಲ ಸೇರಿದರು. ಆ ತಾಯಿ ಪದ ಎತ್ತಿದ್ದೇ ಒಬ್ಬೊಬ್ಬರೇ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳತೊಡಗಿದರು. ಇಲ್ಲದ ಗಂಡನ ಮನೆಗೆ ಹೋಗಲು ನಾನೂ ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ! ನಮ್ಮತ್ತೆಯೊಬ್ಬಳೇ ಒಣಕಣ್ಣಿನಲ್ಲಿ ಕೂತು ಎಷ್ಟು ಜನ ಅತ್ತರು ಎಂದು ಎಣಿಸಿಕೊಳ್ಳುತ್ತಿದ್ದಳು. ಅದಕ್ಕೂ ಒಂದು ಖಾನೆ ಇತ್ತು.

ನಾನು ಬಸ್ಸಿನಲ್ಲಿ ರಾಮನಗರ ಮುಟ್ಟುವುದರೊಳಗೆ ಸುದ್ದಿ ಮುಟ್ಟಿತ್ತು. ಅಪ್ಪನಿಗೆ ಫೋನಿನ ಮೇಲೆ ಫೋನು. "ಏನ್ಲಾ, ಮಗಳ ಮದ್ವೆ ಮಾಡ್ಬುಟ್ಟಂತೆ, ಒಂದು ಮಾತು ಏಳ್ಬಾರ್ದಾ? ಗಂಡು ಯಾರ್ಲಾ?" ಅಪ್ಪ ಫೋನಿಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿ, ಬಹಳ ಮರ್ಯಾದೆಯಿಂದ, "ಗಂಡು ಯಾರವ್ವ?" ಎಂದು ಕೇಳಿದ.

ವಾರ ಕಳೆಯಿತು. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಗೆ ಗೂಡು ತಂದಿದ್ದ ಒಬ್ಬಾತ ನಮ್ಮ ಮನೆ ಹುಡುಕಿಕೊಂಡು ಬಂದ. ಕನಕಪುರದ ಕಡೆಯ ಮರಳವಾಡಿಯವನು. "ನಮ್ಮ ಬೀದಿ ಅಜ್ಜಿ ಏಳಿ ಕಳ್ಸವ್ಳೆ" ಎಂದು ಶುರು ಮಾಡಿ, ಒಪ್ಪಿಸಿಕೊಂಡು ಬಂದಿದ್ದನ್ನು ಒಂದೇ ಉಸಿರಿಗೆ ಹೇಳಿದ: "ಟೈಪು ಮಾಡೋ ಮಗಳ ಮನೇಲಿ ಮದ್ವೆ ಆಯ್ತಂತೆ, ನನ್ನ ಕರೀಲಿಲ್ಲ. ಪಕ್ಕದ ಮನೆ ಸೊಸೆ ಅಂದ್ರೆ ಗೊತ್ತಾಯ್ತದೆ. ಕರೀದಿದ್ದುದ್ದಕ್ಕೆ ಬಂದು ಉತ್ತರ ಏಳ್ಬೇಕು ಅಂದವ್ಳೆ."

ಅತ್ತೆಗೆ ಫೋನು ಮಾಡಿ ಹೇಳಿದೆ. ಅದು ಯಾರೆಂದು ಅವಳೇ ಹೇಳಿದಳು. ಊರಿನಲ್ಲಿ ನಮ್ಮ ಮನೆಯ ಪಕ್ಕದ ಮನೆಗೆ ಮದುವೆಯಾಗಿ ಬಂದ ಹುಡುಗಿ ಅದು. ಅತ್ತೆಗಿಂತ ನಾಲ್ಕೈದು ವರ್ಷ ದೊಡ್ಡವಳು. ಗಂಡನಿಗೆ ಕನಕಪುರದ ಕಡೆ ಕ್ವಾರಿ ಕೆಲಸ ಸಿಕ್ಕಿ ಊರು ಬಿಟ್ಟವರು ಎಲ್ಲಿ ಹೋದರು ಎಂದು ಯಾರಿಗೂ ಗೊತ್ತಿರಲಿಲ್ಲ. "ಅವಳು ಇದ್ದಾಳಾ? ಇನ್ನೂ ಇದ್ದಾಳಾ?" ಎಂದು ಎರಡೆರಡು ಸಲ ಕೇಳಿದಳು.

ಮಾರನೆಯ ಭಾನುವಾರ ಬಸ್ಸು ಹಿಡಿದು ಮರಳವಾಡಿಗೆ ಹೋದೆವು. ಅಜ್ಜಿ ಜಗಲಿಯ ಮೇಲೆ ಕೂತು ಹುರುಳಿ ಆರಿಸುತ್ತಿದ್ದಳು. ನಮ್ಮನ್ನು ಕಂಡದ್ದೇ ಶುರುವಾಯಿತು ಪೂಜೆ. "ಬಂದ್ರಾ? ಊಟ ಎಲ್ಲಾ ಮುಗುದ್ಮೇಲೆ ಎಲೆ ಎತ್ತಾಕೆ ಕರೀಬೈದಾಗಿತ್ತಲ್ಲ!" ಮದುವೆಯೇ ಆಗಿಲ್ಲ, ಬರೀ ಪದಕ್ಕೆ ಮಾಡಿದ ನಾಟಕ ಎಂದು ನಾನು ಬಿಡಿಸಿ ಹೇಳಿದೆ. ಅಜ್ಜಿ ಹಣೆ ಚಚ್ಚಿಕೊಂಡು ನಕ್ಕಳು. ಎಷ್ಟು ನಕ್ಕಳೆಂದರೆ ಮೊರದ ಹುರುಳಿಯೆಲ್ಲ ಜಗಲಿ ಪಾಲು.

"ಪದಕ್ಕೋಸ್ಕರ ಇಷ್ಟೆಲ್ಲನಾ? ಯಾವ್ ಪದ ಬೇಕಿತ್ತವ್ವ ನಿಂಗೆ?"

ಅತ್ತೆ ಚೀಲದಿಂದ ಪುಸ್ತಕ ತೆಗೆದಳು. ಮೂರು ಸಾಲನ್ನು ಓದಬೇಕೆಂದು ಬಾಯಿ ತೆರೆದಳು. ಓದದೆ ಪುಸ್ತಕವನ್ನು ನನ್ನ ಕಡೆ ತಿರುಗಿಸಿದಳು. ನಾನೇ ಓದಿದೆ. ಅಜ್ಜಿಯ ನಗು ನಿಂತಿತು. ಎದ್ದು, ಹಿತ್ತಿಲಿನಲ್ಲಿ ಬಟ್ಟೆ ಕುಕ್ಕಲು ಇಟ್ಟಿದ್ದ ಕಲ್ಲನ್ನು ತೋರಿಸಿದಳು. ನೋಡಿದರೆ ಬೀಸೋಕಲ್ಲಿನ ತಳ. ಮೇಲಿನ ಹೋಳು ಕೊಟ್ಟಿಗೆಯಲ್ಲಿತ್ತು. ನಾನೂ ಅಕ್ಕಪಕ್ಕದವರೂ ಸೇರಿ ಎರಡನ್ನೂ ತೊಳೆದು ಪಡಸಾಲೆಗೆ ತಂದಿಟ್ಟೆವು.

"ಆ ಕಡೆ ಕುಂತ್ಕೊ" ಎಂದಳು ಅಜ್ಜಿ ಅತ್ತೆಗೆ. "ಪುಸ್ತಕ ಮಡುಗು. ಗೂಟ ಇಡ್ಕೊ. ಇದು ಇಬ್ರು ಕುಂತು ಬೀಸೋ ಕಲ್ಲು."

ಅತ್ತೆ ಎದುರಿಗೆ ಕೂತು ಗೂಟ ಹಿಡಿದಳು. ಅಜ್ಜಿ ಒಂದು ಹಿಡಿ ರಾಗಿ ಹಾಕಿ ಕಲ್ಲು ತಿರುಗಿಸಿ ಪದ ಎತ್ತಿದಳು. ಚುಕ್ಕಿ ಮುಳುಗೋಕೆ ಮುಂಚೆ ಕಲ್ಮುಂದೆ ಕುಂತಿವ್ನಿ. ಅದೇ ಪದ, ಅದೇ ರಾಗವೆಂದು ಅತ್ತೆಯ ಮುಖ ನೋಡಿಯೇ ಗೊತ್ತಾಯಿತು. ಅವಳ ಕೈ ನಿಂತಿತು. "ನಿಲ್ಲುಸ್ಬ್ಯಾಡ ಕಣವ್ವ, ತಿರುಗ್ಸು" ಎಂದು ಗದರಿ ಅಜ್ಜಿ ಮುಂದಕ್ಕೆ ಹೋದಳು.

ಹತ್ತೂ ಬೆರಳೀಗೆ ಹತ್ತು ಕೆಲಸವ ಕಲಿಯೋಕೆ
ಪಟ್ಣಕ್ಕೆ ಓದ್ಲು ಕಲ್ಲವ್ವ, ಆ ಮಗೀನ
ಉಗುರೂ ನೋಯ್ದಂಗೆ ಕಾಯವ್ವ

ಓಗ್ಬ್ಯಾಡ ಅನ್ನಲಿಲ್ಲ, ಬಾ ಅಂತ ಕೂಗಲ್ಲ
ಬಾಯಿ ಕಟ್ಕೊಂಡಿವ್ನಿ ಕಲ್ಲವ್ವ, ನನ್ನಯ
ಕೂಗ ನೀನೊಳಗೇ ಅರೆದಾಕು

ಇನ್ನೂ ಇತ್ತು. ಪ್ರತಿಯೊಂದರಲ್ಲೂ ಅದೇ ಮಗಳು. ಪಟ್ಟಣದಲ್ಲಿ ಉಂಡಳೋ ಇಲ್ಲವೋ, ಹೊದೆಯಲು ಇದೆಯೋ ಇಲ್ಲವೋ, ಸಂಜೆ ಬೀದಿಯಲ್ಲಿ ಒಬ್ಬಳೇ ಬರುತ್ತಾಳೋ ಏನೋ. ಹಿಡಿ ರಾಗಿ ಮುಗಿದು ಕಲ್ಲು ನಿಂತಿತು.

"ಇದು ಊರೊಟ್ಟಿನ ಪದ ಅಲ್ಲ ಕಣವ್ವ" ಎಂದಳು ಅಜ್ಜಿ. "ನೀನು ಚನ್ನಪಟ್ಣದ ಬಸ್ ಅತ್ತಿದ ಮಾರ್ನೆ ದಿನ ನಿಮ್ಮವ್ವ ಕಟ್ಟಿದ್ದು. ಅಲ್ಲೀಗಂಟ ಎದುರ್ಗೆ ನೀನ್ ಕುಂತ್ಕೊತಿದ್ದೆ. ನೀನ್ ಓದ್ಮೇಲೆ ನಾಕ್ ದಿನ ಒಬ್ಳೆ ಬೀಸುದ್ಲು, ಆಮೇಲೆ ನನ್ನ ಕರುದ್ಲು. ದಿನಾ ಒಸಿ ಒಸಿ ಸೇರ್ಸೋಳು. ನಾನೊಬ್ಳೆ ಕೇಳಿರಾದು."

ಸಾವಿರ ಪದ, ನಾಲ್ಕು ತಾಲ್ಲೂಕು, ಅಷ್ಟೊಂದು ಖಾನೆ! ಎಲ್ಲರ ಬಾಯಲ್ಲೂ ಹುಡುಕಿದ್ದ ಪದ ಅವಳೊಬ್ಬಳ ಮೇಲೆ ಕಟ್ಟಿದ್ದು ಎಂದು ಯಾವ ಕಂಪ್ಯೂಟರು ಹೇಳೀತು? ಅತ್ತೆಯ ಕೈ ಇನ್ನೂ ಗೂಟದ ಮೇಲೇ ಇತ್ತು. ಅವಳು ಕೇಳಿದ್ದು ಒಂದೇ ಮಾತು.

"ಮತ್ತೆ ನಾನು ಊರಿಗೆ ಬಂದಾಗ ಯಾಕೆ ಹೇಳಲಿಲ್ಲ? ಕೋಪನಾ ನನ್ನ ಮೇಲೆ?"

"ಕೋಪ್ವಾ?" ಅಜ್ಜಿ ಅವಳ ಕೈಯನ್ನು ಗೂಟದಿಂದ ಬಿಡಿಸಿ ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು. "ನಾನೂ ಕೇಳ್ದೆ ಕಣವ್ವ. ಅವ್ಳು ಕೇಳುಸ್ಕೊಂಡ್ರೆ ಎಲ್ಲಾ ಬುಟ್ಟು ವಾಪಸ್ ಬಂದ್ಬುಡ್ತಾಳೆ, ಬರಬಾರ್ದು ಅಂದ್ಲು."

ನಮ್ಮತ್ತೆ ಅಳುವುದನ್ನು ನಾನು ಅದೇ ಮೊದಲು ನೋಡಿದ್ದು. ಅರವತ್ತರ ಹತ್ತಿರದ ಹೆಂಗಸು ಹದಿನೇಳರ ಹುಡುಗಿಯ ಹಾಗೆ ಕಲ್ಲಿನ ಮೇಲೆ ತಲೆಯಿಟ್ಟಳು. ಕಲ್ಲಿಗೇ ಹೇಳುತ್ತಿದ್ದಳೋ, ಅಜ್ಜಿಗೋ, ಅವ್ವನಿಗೋ.

"ಬಂದ್ಬುಡ್ತಿದ್ದೆ ಕಣವ್ವ" ಎಂದಳು. "ಒಂದೇ ಓಟಕ್ಕೆ ಬಂದ್ಬುಡ್ತಿದ್ದೆ."